ತಾನು ಬರೆಯದ ಸಾಲು

ಬಸ್ಸು ಗೆಜ್ಜಲಗೆರೆ ದಾಟಿದರೂ ಜಾಕಿಯಾಳ ಮನಸ್ಸು ಆ ಒಂದು ಕ್ರಿಯಾಪದವನ್ನು ದಾಟಿರಲಿಲ್ಲ. ‘ನಾನು ಆಸ್ಪತ್ರೆಯಲ್ಲಿ ಇದೆ.’ ಸಹೋದ್ಯೋಗಿಯೊಬ್ಬರು ಕಳಿಸಿಕೊಟ್ಟಿದ್ದ ಅದನ್ನು ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟು ಅವಳು ಮತ್ತೆ ಓದಿದಳು. ‘ನಾನು ಆಸ್ಪತ್ರೆಯಲ್ಲಿ ಇದೆ. ತುಂಬಾ ತುರ್ತು ಇದೆ. ದಯಮಾಡಿ ಹಣ ಸಹಾಯ ಕೊಡಿ, ಬೇಗ ಹಿಂತಿರುಗುತ್ತೇನೆ. ಫೋನ್ ಮಾಡಬೇಡಿ, ಮಾತನಾಡಲು ಆಗುವುದಿಲ್ಲ.’ ಕೆಳಗೆ ಅವಳ ಹೆಸರು, ಅವಳ ಹುದ್ದೆ: ಕನ್ನಡ ಉಪನ್ಯಾಸಕಿ. ಮೇಲಿನ ದುಂಡು ಚೌಕಟ್ಟಿನಲ್ಲಿ ಅವಳದೇ ಫೋಟೋ, ಕಾಲೇಜಿನ ವಾರ್ಷಿಕೋತ್ಸವದ ದಿನ ತೆಗೆಸಿದ್ದು, ತಲೆಯ ಮೇಲಿನ ಸೆರಗು ಸ್ವಲ್ಪ ಜಾರಿ ನಗುತ್ತಿದ್ದಾಳೆ. ಅವಳ ಈಮೇಲಿನೊಳಗೆ ಹೊಕ್ಕವನು ಯಾರೋ, ಯಾವ ಊರಿನವನೋ, ಅವಳು ಇಷ್ಟು ವರ್ಷಗಳಲ್ಲಿ ಯಾರು ಯಾರಿಗೆ ಪತ್ರ ಬರೆದಿದ್ದಳೋ ಅವರಿಗೆಲ್ಲ ಇದನ್ನು ಕಳಿಸಿ ಅವಳನ್ನೇ ಬಾಗಿಲ ಹೊರಗೆ ನಿಲ್ಲಿಸಿ ಬೀಗ ಹಾಕಿಕೊಂಡಿದ್ದ. ಪಾಸ್‌ವರ್ಡ್ ಹೊಡೆದರೆ ತಪ್ಪು ಎನ್ನುತ್ತಿತ್ತು. ಕಿಟಕಿಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದನ್ನು ಬಸ್ಸು ಹಿಂದೆ ಹಾಕಿತು. ಒಂದು ಗರಿ ಕಿಟಕಿಯ ಸರಳನ್ನು ಸವರಿ ಹೋಯಿತು. ಅವಳು ತಲೆ ಹಿಂದಕ್ಕೆ ಎಳೆದುಕೊಂಡಳು. ಕೈಯಲ್ಲಿ ಫೋನು ಮತ್ತೆ ನಡುಗಿತು, ಇನ್ಯಾರೋ ವಿಚಾರಿಸುವವರು. ಅವಳು ಅದನ್ನು ಸೈಲೆಂಟಿಗೆ ಹಾಕಿ ಬ್ಯಾಗಿನ ತಳಕ್ಕೆ ತಳ್ಳಿದಳು.

ನಿನ್ನೆ ಪಾಠದ ನಡುವೆ ಫೋನು ಬಿಡದೆ ನಡುಗುತ್ತಿದ್ದಾಗಲೂ ಹೀಗೇ ತಳ್ಳಿದ್ದಳು. ಸ್ಟಾಫ್ ರೂಮಿಗೆ ಬಂದಾಗ ಎದುರು ಮೇಜಿನ ರಾಜೇಂದ್ರ, ಅರ್ಥಶಾಸ್ತ್ರದವರು, ಅವಳನ್ನು ಕಂಡು ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. ಆ ಬೆಳಿಗ್ಗೆ ಅವರು ಮೇಲುಕೋಟೆಗೆ ಹೋಗಿ ತಡವಾಗಿ ಬಂದಿದ್ದರು. ಅವಳು ಆಸ್ಪತ್ರೆಯಲ್ಲಿದ್ದಾಳೆಂದೇ ನಂಬಿ ದಾರಿಯಿಂದಲೇ ಹಣ ಕಳಿಸಿದ್ದರು. ‘ಏನ್ ಮೇಡಂ, ಬಂದ್ಬಿಟ್ರಾ?’ ಎಂದ ಆ ದನಿಯಲ್ಲಿ ಮೊದಲು ಸಂತೋಷವಿತ್ತು, ಆಮೇಲೆ ಗೊಂದಲ, ಆಮೇಲೆ ಮುಖ ನಿಧಾನವಾಗಿ ಕೆಂಪಾಗಿತ್ತು. ಎಷ್ಟು ಒಳ್ಳೆಯ ಮನುಷ್ಯ. ಆ ಕ್ಷಣ ಅವಳ ಕಣ್ಣು ತುಂಬಿಬಂದದ್ದು ನಿಜ. ಆದರೆ ಕಣ್ಣು ಒಣಗುವ ಮೊದಲೇ ಬಾಯಿಂದ ಬಂದ ಪ್ರಶ್ನೆ ಬೇರೆಯಾಗಿತ್ತು.

‘ಅದನ್ನ ಓದಿದಾಗ ನಿಮಗೇನೂ ಅನುಮಾನ ಬರ್ಲಿಲ್ವಾ ಸರ್?’

‘ಏನ್ ಅನುಮಾನ ಮೇಡಂ? ನಿಮ್ ಹೆಸ್ರು, ನಿಮ್ ಫೋಟೋ. ಆಸ್ಪತ್ರೆ ಅಂದ್ಮೇಲೆ ಕೂತ್ಕೊಂಡು ವಿಚಾರ ಮಾಡೋಕಾಯ್ತದಾ?’

‘ಅಲ್ಲ, ಭಾಷೆ ನೋಡಿ...’

‘ಭಾಷೆನಾ?’ ರಾಜೇಂದ್ರ ಕನ್ನಡಕ ಏರಿಸಿ ಫೋನನ್ನು ಇನ್ನೊಮ್ಮೆ ನೋಡಿದರು. ‘ಸರಿಯಾಗೇ ಅದೆಯಲ್ಲ. ಅರ್ಥ ಆಯ್ತದಲ್ಲ.’

ಈ ರಾಜೇಂದ್ರರ ಮಗಳ ಮದುವೆಯ ಕರೆಯೋಲೆಯನ್ನು ತಿದ್ದಿಕೊಟ್ಟವಳು ಅವಳು. ಕಾಲೇಜಿನ ನೋಟಿಸು, ವಾರ್ಷಿಕ ಸಂಚಿಕೆ, ಬಾವಿಯ ಪಕ್ಕ ನೆಟ್ಟ ‘ಇಲ್ಲಿ ಕೈ ತೊಳೆಯಬಾರದು’ ಬೋರ್ಡಿನವರೆಗೆ ಎಲ್ಲವೂ ಅವಳ ಕೆಂಪು ಶಾಯಿಯ ಕೆಳಗೆ ಹಾದು ಹೋಗಬೇಕಿತ್ತು. ಇವರಿಗೆಲ್ಲ ಅವಳ ಕನ್ನಡ ಬೇಕು. ಆದರೆ ‘ನಾನು ಇದೆ’ ಎಂದು ಅವಳ ಹೆಸರಿನಲ್ಲಿ ಬಂದಾಗ ಯಾರ ಹುಬ್ಬೂ ಗಂಟಿಕ್ಕಲಿಲ್ಲ. ಎಲ್ಲೋ ಒಳಗೆ, ತಮಗೇ ತಿಳಿಯದ ಒಂದು ಮೂಲೆಯಲ್ಲಿ, ಇವಳು ಕೊನೆಗೆ ಹೀಗೇ ಮಾತಾಡುವವಳು ಎಂದು ಇವರು ಅಂದುಕೊಂಡಿದ್ದರೇ? ಕಷ್ಟ ಬಂದಾಗ ಉಟ್ಟ ಬಟ್ಟೆ ಜಾರಿ ಒಳಗಿನದು ಕಂಡ ಹಾಗೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹಣ ಕಳೆದುಕೊಂಡವರು ಅವರು. ತಾನು ವ್ಯಾಕರಣದ ಲೆಕ್ಕ ಕೇಳುತ್ತಿದ್ದೇನೆ.

ಕಿರುಗಾವಲಿನ ಶಾಲೆಯ ಜಗುಲಿಯ ಮೇಲೆ ಹುಡುಗರು ಅವಳನ್ನು ಕಂಡರೆ ಸಾಕು, ಒಬ್ಬರಿಗೊಬ್ಬರು ‘ಲೇ, ನೀನು ಬತ್ತದಾ?’ ‘ನಾನು ಓಯ್ತದೆ ಕಣ್ಲಾ’ ಎಂದು ಕೂಗಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅವಳು ಎಂದೂ ಹಾಗೆ ಮಾತಾಡಿದವಳಲ್ಲ. ಅವಳ ಅಪ್ಪ ಅಫ್ಸರ್ ಪಾಷಾ, ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು, ರೈತರ ಜೊತೆ ರೈತರ ಹಾಗೇ ಮಾತಾಡುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಗೌಡರ ಮನೆಯವರೆನ್ನಬೇಕು. ಆ ಹುಡುಗರು ಅಣಕಿಸುವ ಹಾಗೆ ಮಾತಾಡುತ್ತಿದ್ದವಳು ಅವಳ ತಾಯಿ, ಅಮ್ಮಿ. ತಮಿಳುನಾಡಿನ ಆಂಬೂರಿನ ಕಡೆಯಿಂದ ಮದುವೆಯಾಗಿ ಬಂದ ಸುಲ್ತಾನ್ ಬೀಗೆ ಕನ್ನಡದ ಮಾತುಗಳೆಲ್ಲ ಸಿಕ್ಕಿದವು, ಅವುಗಳ ಬಾಲ ಮಾತ್ರ ಎಂದೂ ಕೈಗೆ ಸಿಗಲಿಲ್ಲ. ನಾನು, ನೀನು, ಅವನು, ದನ, ಮಳೆ, ಎಲ್ಲವೂ ಬರ್ತದೆ, ಎಲ್ಲವೂ ಹೋಗ್ತದೆ. ಸಂತೆಯಿಂದ ಬರುವಾಗ ಪುಟ್ಟ ಜಾಕಿಯಾ ದಾರಿಯುದ್ದಕ್ಕೂ ತಿದ್ದುತ್ತಿದ್ದಳು: ನಾನು ಬರ್ತೀನಿ ಅನ್ನಬೇಕು ಅಮ್ಮಿ, ಬರ್ತದೆ ಅಲ್ಲ. ಅಮ್ಮಿ ಚೀಲ ಇನ್ನೊಂದು ಕೈಗೆ ಬದಲಾಯಿಸಿ, ಉರ್ದುವಿನಲ್ಲಿ, ಟೊಮೇಟೊ ಕೊಟ್ಟನಲ್ಲ, ಮತ್ತೇನು ಎನ್ನುತ್ತಿದ್ದಳು. ಈಗ ಯಾವನೋ ಕಳ್ಳ ಯಂತ್ರದ ಅನುವಾದಕ್ಕೆ ಸಿಕ್ಕಿಸಿ ತೆಗೆದ ಒಂದು ಸಾಲು, ಸರಿಯಾಗಿ ಅದೇ ಬಾಲವನ್ನು ಹಿಡಿದುಕೊಂಡು ಬಂದು ಅವಳ ಹೆಸರಿಗೆ ಅಂಟಿಕೊಂಡಿತ್ತು.

ಮಂಡ್ಯದ ಠಾಣೆಯಲ್ಲಿ ಜನವಿರಲಿಲ್ಲ. ಮಹದೇವು ಎಂಬ ನಡುವಯಸ್ಸಿನ ಕಾನ್‌ಸ್ಟೇಬಲ್ ಅವಳಿಗೆ ಕುರ್ಚಿ ತೋರಿಸಿ, ನೀರು ತರಿಸಿ, ಎಲ್ಲಿ ಸಿಕ್ಕಿಬಿದ್ದಿರಿ ಎಂದು ಕೇಳಿದ. ಅವಳು ಹೇಳಿದಳು. ಹೋದ ವಾರ ಒಂದು ಮೇಲ್ ಬಂದಿತ್ತು, ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಒತ್ತಿ, ಪಾಸ್‌ವರ್ಡ್ ಕೊಟ್ಟು ಉಳಿಸಿಕೊಳ್ಳಿ ಎಂದು. ಇಂಗ್ಲಿಷಿನಲ್ಲಿತ್ತು. ಹೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು: ಕನ್ನಡದ ಪ್ರತಿಯೊಂದು ಸಾಲನ್ನೂ ಅನುಮಾನದಿಂದಲೇ ಓದುವ ತಾನು ಇಂಗ್ಲಿಷಿನ ಆ ಸಾಲನ್ನು ಅನುಮಾನಿಸಲಿಲ್ಲ. ಇಂಗ್ಲಿಷಿನಲ್ಲಿದ್ದರೆ ಸರಿಯೇ ಇರಬೇಕು ಎಂದು ಒತ್ತಿಬಿಟ್ಟಳು. ರಾಜೇಂದ್ರರಿಗಿಂತ ತಾನು ಯಾವುದರಲ್ಲಿ ಹೆಚ್ಚು?

‘ಎಲ್ರೂ ಅಂಗೇ ಒತ್ತೋದು, ಬುಡಿ,’ ಎಂದ ಮಹದೇವು. ‘ದೂರು ಬರ್ಕೊಡಿ. ಕನ್ನಡದಲ್ಲೇ ಬರೀರಿ, ಪರವಾಗಿಲ್ಲ. ಬರೀತೀರಾ, ನಾನೇ ಬರೀಲಾ?’

‘ಬರೀತೀನಿ,’ ಎಂದಳು. ‘ನಾನು ಕನ್ನಡ ಲೆಕ್ಚರರು.’

‘ಕನ್ನಡಾನಾ?’ ಅವನ ಮುಖ ಅರಳಿತು. ‘ಬೋ ಸಂತೋಷ ಕಣಮ್ಮ.’

ಆ ಸಂತೋಷವನ್ನು ಅವಳು ಬಲ್ಲಳು. ಅದು ಯಾವಾಗಲೂ ಒಂದು ಕ್ಷಣ ತಡವಾಗಿ ಬರುತ್ತದೆ, ಅವಳ ಹೆಸರನ್ನು ಇನ್ನೊಮ್ಮೆ ನೋಡಿಕೊಂಡು. ಅವಳು ಬರೆಯತೊಡಗಿದಳು. ಹಾಳೆಯ ಮೇಲೆ ಅಕ್ಷರಗಳು ಸಾಲಾಗಿ, ದುಂಡಗೆ ನಿಲ್ಲುತ್ತ ಹೋದಂತೆ ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಬರೆದು ಮುಗಿಸಿ ಕೊಟ್ಟಾಗ ಮಹದೇವು ಅವಳ ಫೋನನ್ನು ಒಂದು ಕೈಯಲ್ಲಿ, ಹಾಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎರಡನ್ನೂ ಹೋಲಿಸಿದ.

‘ಮೇಡಮ್ಮೋರೇ, ಇದು ಅದಲ್ಲ.’

‘ಯಾವುದು?’

‘ನೀವು ಬರ್ದಿರೋದು ಬ್ಯಾರೆ, ಪೋನಲ್ಲಿರೋದು ಬ್ಯಾರೆ. ನೀವು ಆಸ್ಪತ್ರೆಯಲ್ಲಿದ್ದೇನೆ ಅಂತ ಬರ್ದಿದ್ದೀರಿ. ಅವ್ನು ಇದೆ ಅಂದವ್ನೆ. ಹಿಂತಿರುಗಿಸುತ್ತೇನೆ ಅಂತ ಬರ್ದಿದ್ದೀರಿ, ಅವ್ನು ಹಿಂತಿರುಗುತ್ತೇನೆ ಅಂದವ್ನೆ.’

ಅವಳು ಹಾಳೆ ಕಿತ್ತುಕೊಂಡಂತೆ ತೆಗೆದುಕೊಂಡು ನೋಡಿದಳು. ನಿಜ. ಕೈ ತನಗೆ ತಾನೇ ತಿದ್ದಿತ್ತು.

‘ಅದರಲ್ಲಿ ತಪ್ಪಿದೆ,’ ಎಂದಳು.

‘ತಪ್ಪು ಅವ್ನುದಲ್ವಾ, ನಿಮ್ಗೇನು? ನಾಳೆ ಎರಡೂ ತಾಳೆ ಆಗ್ಬೇಕು. ಇದ್ದಂಗೇ ಬರ್ಕೊಡಿ.’

ಹೊಸ ಹಾಳೆ ಬಂತು. ಅವಳು ಮತ್ತೆ ಮೊದಲಿನಿಂದ ಬರೆಯುತ್ತ ಆ ಸಾಲಿಗೆ ಬಂದು ನಿಂತಳು. ನಾನು ಆಸ್ಪತ್ರೆಯಲ್ಲಿ. ಪೆನ್ನು ಮುಂದಕ್ಕೆ ಹೋಗಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಮಹದೇವು ಪಕ್ಕದ ಮೇಜಿನವನ ಜೊತೆ ನಾಲೆಗೆ ನೀರು ಬಿಟ್ಟ ವಿಷಯ ಮಾತಾಡುತ್ತಿದ್ದ. ತಾನು ತರಗತಿಯಲ್ಲಿ ತಪ್ಪು ಮಾಡಿದ ಮಕ್ಕಳಿಗೆ ಸರಿಯಾದ ರೂಪವನ್ನು ಮತ್ತೆ ಮತ್ತೆ ಬರೆಸುತ್ತೇನೆ; ಇದು ಅದರ ತಿರುವುಮುರುವು. ಇದೆ. ಬರೆದಳು. ಎರಡೇ ಅಕ್ಷರ. ಅವಳದೇ ದುಂಡು ಅಕ್ಷರದಲ್ಲಿ ಅದು ಅವಳದೇ ಮಾತಿನ ಹಾಗೆ ಕಂಡಿತು. ಕೆಳಗೆ ಸಹಿ ಮಾಡಿದಳು.

ಹೊರಗೆ ಬಂದು ಬಸ್ಸು ಹತ್ತಿದ ಮೇಲೆ ಫೋನು ತೆಗೆದಳು. ಅಮ್ಮಿಯ ನಂಬರಿನಿಂದ ಒಂದರ ಹಿಂದೆ ಒಂದು ಕರೆ. ಅಮ್ಮಿ ಹೀಗೆ ಮಾಡುವವಳಲ್ಲ. ಒಂದು ಸಲ ಮಾಡಿ, ಎತ್ತದಿದ್ದರೆ ಪಾಠದಲ್ಲಿರಬೇಕು ಎಂದು ಸುಮ್ಮನಾಗುವವಳು. ಜಾಕಿಯಾ ತಿರುಗಿ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ನಿನ್ನೆಯ ಸಂಗತಿ ಅಮ್ಮಿಗೆ ಹೇಳಿರಲಿಲ್ಲ. ರಾತ್ರಿ ಊಟ ಸೇರದೆ ಎದ್ದಾಗ, ಏನಾಯ್ತು ಬೇಟಾ ಎಂದು ಅಮ್ಮಿ ಕೇಳಿದ್ದಳು, ಇವಳು ತಲೆನೋವು ಎಂದಿದ್ದಳು. ಬೆಳಿಗ್ಗೆ, ಮಂಡ್ಯದಲ್ಲಿ ಕೆಲಸವಿದೆ ಎಂದಷ್ಟೇ ಹೇಳಿ ಹೊರಟಿದ್ದಳು. ಅಮ್ಮಿ ಬಚ್ಚಲಿನಲ್ಲಿ ಜಾರಿದಳೇ? ಹಿಂದೆ ಒಮ್ಮೆ ಜಾರಿ ಮಣಿಕಟ್ಟು ಊದಿಸಿಕೊಂಡಿದ್ದಳು. ಬಸ್ಸು ಪ್ರತಿಯೊಂದು ಸ್ಟಾಪಿನಲ್ಲೂ ನಿಂತು ನಿಂತು ಹೋಗುತ್ತಿತ್ತು. ಆಸ್ಪತ್ರೆ, ಸ್ಟ್ರೆಚರು, ಅಮ್ಮಿಯ ಬಿಳಿ ದುಪಟ್ಟಾ. ಎಲ್ಲವನ್ನೂ ಅವಳು ಒಂದೊಂದಾಗಿ ಕಂಡಳು, ಮತ್ತು ಹಾಗೆ ಕಾಣುತ್ತಿರುವಾಗ ಒಂದು ವಾಕ್ಯವನ್ನೂ ತಿದ್ದಲಿಲ್ಲ.

ಮದ್ದೂರಿನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಪಟ್ಟಲಮ್ಮ ಕಾಂಪೌಂಡಿನ ಮೇಲಿಂದ ಇವಳನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

‘ಅಯ್ಯೋ, ಚೆಂದಾಗಿದ್ದೀಯಲ್ಲವ್ವಾ! ನಿಮ್ಮಮ್ಮ ಅತ್ಕೊಂಡು ಓದ್ರಲ್ಲ! ಯಾರೋ ಮೇಡಮ್ಮೋರು ಮನೆ ಕೇಳ್ಕೊಂಡು ಬಂದಿದ್ರು, ವಯ್ಸಾಗದೆ. ಪೂರಿಗಾಲಿಯೋರಂತೆ. ನಿಂಗೆ ಉಸಾರಿಲ್ಲ, ಆಸ್ಪತ್ರೇಲವಳೆ ಅಂದ್ರು. ಪೋನು ಮಾಡುದ್ರೆ ನೀನು ಎತ್ತಲೇ ಇಲ್ವಂತೆ. ಇಬ್ರೂ ಆಟೋ ಅತ್ಕೊಂಡು ಬಸ್‌ಸ್ಟ್ಯಾಂಡ್‌ಗೆ ಓದ್ರು. ಪೋನು ಇಲ್ಲೇ ಬಿಟ್ಟವ್ರೆ ಕಣೆ, ಒಳಗೆ ಬಡ್ಕತಾನೆ ಅದೆ.’

ಪೂರಿಗಾಲಿ. ಯಶೋದಮ್ಮ ಮೇಡಂ. ಕಿರುಗಾವಲಿನ ಶಾಲೆಯಲ್ಲಿ ಅವಳಿಗೆ ಕನ್ನಡ ಕಲಿಸಿದವರು. ಹುಡುಗರು ನಕ್ಕ ದಿನ ಅವಳನ್ನು ಪಕ್ಕಕ್ಕೆ ಕರೆದು, ನಗೋರ ಮುಂದೆ ಇನ್ನೂ ಗಟ್ಟಿಯಾಗಿ ಓದು ಎಂದವರು. ಅವರ ಈಮೇಲ್ ವಿಳಾಸ ತನ್ನಲ್ಲಿದ್ದುದೇ ಅವಳಿಗೆ ಮರೆತುಹೋಗಿತ್ತು. ಎಂದೋ ಹಬ್ಬಕ್ಕೆ ಒಂದು ಶುಭಾಶಯ ಕಳಿಸಿದ್ದಳು, ಬೇರೆ ಎಲ್ಲರಿಗೂ ಕಳಿಸಿದ್ದನ್ನೇ. ಅವರ ನಂಬರು ಹುಡುಕಿ ಒತ್ತಿದಳು.

‘ಜಾಕಿಯಾ?’ ಆ ಕಡೆ ಗದ್ದಲವಿತ್ತು. ‘ಮಂಡ್ಯದ ದೊಡ್ಡಾಸ್ಪತ್ರೇಲಿದ್ದೀವಿ, ಯಾವ ವಾರ್ಡಮ್ಮ ನೀನು?’

‘ಮೇಡಂ, ನಾನು ಮನೇಲಿದ್ದೀನಿ. ನನಗೇನೂ ಆಗಿಲ್ಲ. ಅದು ನಾನಲ್ಲ ಮೇಡಂ, ಯಾರೋ ನನ್ನ ಹೆಸರಲ್ಲಿ...’

ಯಶೋದಮ್ಮ ಆ ಕಡೆ ಯಾರಿಗೋ, ಚೆನ್ನಾಗವ್ಳಂತೆ, ಮನೇಲವ್ಳಂತೆ ಕಣಮ್ಮ, ಅಳಬ್ಯಾಡಿ ಎಂದು ಹೇಳುತ್ತಿರುವುದು ಕೇಳಿಸಿತು.

ಅಲ್ಲೇ ಇರಿ, ಬರ್ತೀನಿ ಎಂದು ಅವಳು ಮತ್ತೆ ಮಂಡ್ಯದ ಬಸ್ಸು ಹತ್ತಿದಳು.

ದೊಡ್ಡಾಸ್ಪತ್ರೆಯ ಮೆಟ್ಟಿಲ ಬಳಿಯ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಯಶೋದಮ್ಮ ಬಹಳ ಸಣ್ಣಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ತೊಡೆಯ ಮೇಲೆ ಒಂದು ಫ್ಲಾಸ್ಕು, ಬಟ್ಟೆಯ ಚೀಲ. ಅಮ್ಮಿ ಅವರ ಮೊಣಕೈ ಹಿಡಿದುಕೊಂಡೇ ಇದ್ದಳು. ಜಾಕಿಯಾಳನ್ನು ಕಂಡು ಎದ್ದಳು, ಹತ್ತಿರ ಬಂದಳು, ಕೆನ್ನೆ ಮುಟ್ಟಿ ನೋಡಿದಳು, ಹಣೆ ಮುಟ್ಟಿ ನೋಡಿದಳು, ಆಮೇಲೆ ಭುಜದ ಮೇಲೆ ಜೋರಾಗಿ ಒಂದು ಏಟು ಕೊಟ್ಟಳು. ಅವಳು ಉರ್ದುವಿನಲ್ಲಿ ಬೈಯಬೇಕಿತ್ತು. ಬೆಳಿಗ್ಗೆಯಿಂದ ಯಶೋದಮ್ಮನ ಜೊತೆ ಕನ್ನಡವಾಡಿ ನಾಲಿಗೆ ಅಲ್ಲೇ ನಿಂತಿತ್ತೇನೋ, ಕನ್ನಡದಲ್ಲೇ ಬೈದಳು.

‘ನಾನು ಎಲ್ಲಾ ವಾರ್ಡು ನೋಡ್ತು! ಹೆಂಗಸ್ರುದು ನೋಡ್ತು, ಕೆಳಗೆ ನೋಡ್ತು, ಮೇಲೆ ನೋಡ್ತು! ರಾತ್ರಿ ಊಟ ಇಲ್ಲ, ಬೆಳಿಗ್ಗೆ ಮಾತು ಇಲ್ಲ, ಮಂಡ್ಯ ಕೆಲ್ಸ ಅಂತದೆ. ನಂಗೆ ಏನು ಹೇಳ್ತದೆ ನೀನು? ಏನೂ ಹೇಳಲ್ಲ!’

‘ನರ್ಸಮ್ಮ ಒಬ್ಬಳು ಇವರ ಕೈ ಹಿಡ್ಕೊಂಡು ಒಂದೊಂದು ಮಂಚಾನೂ ತೋರಿಸಿದ್ಲು ಕಣಮ್ಮ,’ ಎಂದರು ಯಶೋದಮ್ಮ. ‘ನಂಗೆ ಮೆಟ್ಲು ಹತ್ತೋಕಾಗ್ಲಿಲ್ಲ. ಇವ್ರೇ ಹತ್ತಿದ್ರು.’

ಜಾಕಿಯಾ ಬೆಂಚಿನ ಮೇಲೆ ಕೂತಳು. ಕ್ಷಮೆ ಕೇಳಬೇಕಿತ್ತು. ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕಿತ್ತು. ಹೇಳಿದಳು ಕೂಡ, ಇಬ್ಬರಿಗೂ ಅರ್ಥವಾಗುವ ಹಾಗೆ, ಕಳ್ಳ ಹೇಗೆ ಹೊಕ್ಕ, ತಾನು ಏಕೆ ಮುಚ್ಚಿಟ್ಟೆ. ಆದರೆ ಹೇಳುತ್ತಿರುವಾಗಲೂ ಆ ಒಂದು ಪ್ರಶ್ನೆ ಅವಳನ್ನು ಬಿಡಲಿಲ್ಲ. ಅದನ್ನು ಕೇಳುವುದು ನಾಚಿಕೆಗೇಡು ಎಂದು ಗೊತ್ತಿದ್ದೂ ಕೇಳಿದಳು.

‘ಮೇಡಂ, ನೀವೂ ನಂಬಿದ್ರಾ? ಆ ಕನ್ನಡ ನೋಡಿ?’

ಯಶೋದಮ್ಮ ಫ್ಲಾಸ್ಕಿನ ಮುಚ್ಚಳ ತಿರುವಿ ಬಿಗಿ ಮಾಡಿದರು.

‘ಇವತ್ತು ಬೆಳಿಗ್ಗೆ ನೋಡ್ದೆ. ಒಂದ್ಸಲ ಓದ್ದೆ, ಇನ್ನೊಂದ್ಸಲ ಓದ್ದೆ. ನಮ್ ಜಾಕಿಯಾ ಸತ್ರೂ ನಾನು ಇದೆ ಅಂತ ಬರೆಯೋಳಲ್ಲ ಅನ್ಕೊಂಡೆ. ಆಮೇಲೆ ಎದೆ ಧಸಕ್ ಅಂತು. ನಮ್ ಯಜಮಾನ್ರು ಹೋಗೋಕ್ಮುಂಚೆ ಒಂದಿನ ನನ್ ಹೆಸರು ಹೇಳೋಕಾಗ್ದೆ ಒದ್ದಾಡಿದ್ರು ಕಣಮ್ಮ. ಯಶೋದ ಅನ್ನೋಕೆ ಏನೇನೋ ಅಂತಿದ್ರು. ತಲೇಲಿ ರಕ್ತ ಹೆಪ್ಪುಗಟ್ಟಿತ್ತು, ನಂಗೆ ತಿಳೀಲಿಲ್ಲ, ತಮಾಷೆ ಮಾಡ್ತಾವ್ರೆ ಅನ್ಕೊಂಡಿದ್ದೆ. ಇವಳ ಕೈಯಿಂದ ಇಂಥ ಮಾತು ಬಂದದೆ ಅಂದ್ರೆ ಇವಳಿಗೂ ಹಂಗೇ ಏನೋ ಆಗದೆ ಅಂತ ಉಟ್ಟ ಸೀರೇಲೇ ಹೊರಟೆ. ಫೋನ್ ಮಾಡಬೇಡಿ ಅಂತ ಬೇರೆ ಬರ್ದಿತ್ತಲ್ಲ. ಮಾಡಲಿಲ್ಲ.’

ಜಾಕಿಯಾಳ ಒಳಗೆ ಏನೋ ಕಳಚಿ ಬಿತ್ತು. ಹಾಗಾದರೆ ಒಬ್ಬರು ಕಂಡಿದ್ದರು. ಇಡೀ ಲೋಕದಲ್ಲಿ ಒಬ್ಬರು ಆ ಸಾಲಿನಲ್ಲಿ ತಾನಿಲ್ಲದಿರುವುದನ್ನು ಕಂಡು, ಅದಕ್ಕೇ ಬಸ್ಸು ಬದಲಿಸಿಕೊಂಡು ಮಳವಳ್ಳಿಯ ಮೇಲೆ ಬಂದಿದ್ದರು. ಆ ಸಮಾಧಾನ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು ತಿರುಗಿದಾಗ ಅಮ್ಮಿ ಅವಳನ್ನೇ ನೋಡುತ್ತಿದ್ದಳು.

‘ಇವರು ಓದಿ ಹೇಳ್ತು,’ ಎಂದಳು ಅಮ್ಮಿ, ದನಿ ಈಗ ತಗ್ಗಿತ್ತು. ‘ನಾನು ಆಸ್ಪತ್ರೆಯಲ್ಲಿ ಇದೆ. ಅಷ್ಟೇ ಕೇಳ್ತು ನಂಗೆ. ನೀನು ಇಲ್ಲಿ ಕಿವಿ ಹತ್ರ ಹೇಳಿದ ಹಂಗೆ.’

ಅಮ್ಮಿಗೆ ಆ ಸಾಲಿನಲ್ಲಿ ತಪ್ಪೇ ಕೇಳಿಸಿರಲಿಲ್ಲ. ಕೇಳಿಸುವುದಾದರೂ ಹೇಗೆ? ಮಗಳು ಮೊದಲ ಸಲ ತನ್ನ ಮಾತಿನಲ್ಲಿ ತನ್ನನ್ನು ಕೂಗಿದ ಹಾಗಿತ್ತು ಅದು. ಎರಡು ದಿನದಿಂದ ಜಾಕಿಯಾ ಅದನ್ನು ಕೊಳಕಿನಂತೆ ಬೆರಳ ತುದಿಯಲ್ಲಿ ಹಿಡಿದು ಓಡಾಡಿದ್ದಳು, ಕಾನ್‌ಸ್ಟೇಬಲ್ಲನ ಮುಂದೆ ಬರೆಯಲಾರದೆ ಪೆನ್ನು ಹಿಡಿದು ಕೂತಿದ್ದಳು. ಯಾರ ಬಾಯಿಯ ಮಾತೆಂದು ಅವಳು ಅಷ್ಟು ಹೇಸಿದ್ದು? ಕಳ್ಳನದು ಎಂದುಕೊಂಡಿದ್ದಳು. ಅವಳು ಅಮ್ಮಿಯ ಕೈ ತೆಗೆದುಕೊಂಡಳು.

‘ನಿಮ್ಮ ತಾಯೀನ ಇವತ್ತೇ ನೋಡಿದ್ದು ನೋಡಮ್ಮ,’ ಎಂದರು ಯಶೋದಮ್ಮ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. ‘ಅಷ್ಟು ವರ್ಷ ಓದಿದೆ, ಯಾವಾಗ್ಲೂ ನಿಮ್ಮಪ್ಪಾನೇ ಬರೋರು.’

ಅಮ್ಮಿ ಬೇಡ, ಅಪ್ಪನೇ ಬರಲಿ ಎನ್ನುತ್ತಿದ್ದವಳು ಜಾಕಿಯಾಳೇ. ‘ಆವಾಗ ನಂಗೆ ಪುರಸೊತ್ತು ಇಲ್ಲ ಮೇಡಂ,’ ಎಂದಳು ಅಮ್ಮಿ ತಕ್ಷಣ. ‘ಮನೆ ಕೆಲ್ಸ ಬಹಳ.’

ಮದ್ದೂರಿನವರೆಗೆ ಹಿರಿಯರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಜಾಕಿಯಾ ಹಿಂದಿನ ಸೀಟಿನಲ್ಲಿ. ಅಮ್ಮಿ ಮಗಳ ಬಾಲ್ಯದ ಯಾವುದೋ ಕಥೆ ಹೇಳುತ್ತಿದ್ದಳು, ಆಡು ಪುಸ್ತಕ ತಿಂದದ್ದು, ಅವಳು ಆಡಿನ ಬಾಯಿಗೆ ಕೈ ಹಾಕಿದ್ದು. ಯಶೋದಮ್ಮ ಗಟ್ಟಿಯಾಗಿ ನಗುತ್ತಿದ್ದರು.

ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿಯ ಬಸ್ಸು ಹೊರಡಲು ನಿಂತಿತ್ತು. ಹೊತ್ತು ಇಳಿಯುತ್ತಿತ್ತು. ಯಶೋದಮ್ಮ ಬಾಗಿಲ ಕಂಬಿ ಹಿಡಿದು ಒಂದು ಕಾಲಿಟ್ಟವರು ತಿರುಗಿ ನಿಂತರು.

‘ಜಾಕಿಯಾ, ನಿಜ ಹೇಳು. ನಿಜವಾಗ್ಲೂ ಏನಾದ್ರೂ ಆಗಿದ್ರೆ ನಂಗೆ ಬರೀತಿದ್ಯಾ?’

ಬರೀತಿದ್ದೆ ಎನ್ನುವುದು ಸುಲಭವಾಗಿತ್ತು. ಅವಳು ಒಂದು ಕ್ಷಣ ತನ್ನನ್ನು ಮಂಚದ ಮೇಲೆ ಮಲಗಿಸಿ, ಕೈಗೆ ಫೋನು ಕೊಟ್ಟು ನೋಡಿದಳು. ಯಾರಿಗೂ ಬರೆಯುತ್ತಿರಲಿಲ್ಲ. ಅಮ್ಮಿಗೂ ತಲೆನೋವು ಎನ್ನುತ್ತಿದ್ದಳು.

‘ಇಲ್ಲ ಮೇಡಂ.’

‘ನಂಗೊತ್ತು. ಅದ್ಕೇ ಓದಿದೇಟ್ಗೇ ಹೊರಟಿದ್ದು. ಕೇಳೋಳಲ್ಲ ಇವಳು, ಕೇಳವ್ಳೆ ಅಂದ್ರೆ ಏನೋ ಮೀರಿ ಹೋಗದೆ ಅಂತ.’

ಡ್ರೈವರು ಹಾರ್ನ್ ಮಾಡಿದ. ಜಾಕಿಯಾ ಅಮ್ಮಿಯ ಮೊಣಕೈ ಹಿಡಿದು, ‘ಹತ್ತು ಅಮ್ಮಿ,’ ಎಂದಳು.

‘ಎಲ್ಲಿಗೆ?’

‘ಪೂರಿಗಾಲಿಗೆ. ಕತ್ತಲಾಗ್ತಿದೆ, ಮೇಡಂ ಒಬ್ಬರೇ ಹೆಂಗೆ ಹೋಗ್ತಾರೆ?’

‘ನಂಗೇನಾಗದೆ, ನೀವ್ ಹೋಗಿ ಹೋಗಿ,’ ಎಂದು ಯಶೋದಮ್ಮ ಗದರಿದರು. ‘ನಾಳೆ ಕಾಲೇಜಿಲ್ವಾ ನಿಂಗೆ? ಬಂದ್ರೂ ಮನೇಲಿ ರಾಗಿಹಿಟ್ಟು ಬಿಟ್ರೆ ಏನಿದೆ? ಸಾರೂ ಇಲ್ಲ.’

‘ಸಾರು ನಾನು ಮಾಡ್ತದೆ,’ ಎಂದು ಅಮ್ಮಿ ಆಗಲೇ ಹತ್ತಿ ಕಿಟಕಿಯ ಪಕ್ಕ ಕೂತಾಗಿತ್ತು.

‘ಉಪ್ಪು ಕಮ್ಮಿ ಹಾಕ್ಬೇಕು ಮತ್ತೆ. ಬೀಪಿ ನಂಗೆ.’

‘ನಂಗೂ ಬೀಪಿ.’

ಬಸ್ಸು ಹೊರಟಿತು. ಮುಂದಿನ ಸೀಟಿನಲ್ಲಿ ಮಾತ್ರೆಗಳ ಮಾತು ಶುರುವಾಯಿತು, ಯಾವುದು ಬೆಳಿಗ್ಗೆ, ಯಾವುದು ಊಟಕ್ಕೆ ಮುಂಚೆ. ಬ್ಯಾಗಿನಲ್ಲಿ ಫೋನು ನಡುಗಿತು, ರಾಜೇಂದ್ರರದು. ಜಾಕಿಯಾ ಎತ್ತಿ, ದೂರು ಕೊಟ್ಟು ಬಂದೆ ಸರ್, ಅದರಲ್ಲಿ ನಿಮ್ಮ ಹಣದ್ದೂ ಬರೆದಿದ್ದೇನೆ, ನಾಳೆ ಬರೋಕಾಗಲ್ಲ, ಊರಲ್ಲಿರಲ್ಲ ಎಂದಳು. ಹುಷಾರಾಗಿದ್ದೀರಾ ಮೇಡಂ ಎಂದು ಅವರು ಕೇಳಿದರು. ಅವಳು, ಇಲ್ಲ ಸರ್, ಬಹಳ ಸುಸ್ತಾಗಿದೆ ಎಂದಳು. ಹೇಳಿದ ಮೇಲೆ ಅದು ನಿಜವಾಗಿಯೂ ಮೈಗೆ ಬಂದು, ಅವಳು ಕಿಟಕಿಗೆ ತಲೆ ಆನಿಸಿದಳು.